ದೇವರಿಗೆ ಕೊಟ್ಟದ್ದು ಯಾರ ಹೊತ್ತು?



ಭಾನುವಾರದ ಬಲಿಪೂಜೆ ಮುಗಿದ ಮೇಲೆ ದೇವಾಲಯದ ಅಂಗಳದಲ್ಲಿ ನಿಂತು ಒಬ್ಬರನ್ನೊಬ್ಬರು ವಿಚಾರಿಸಿಕೊಳ್ಳುವಾಗ ನಮ್ಮ ಬಾಯಿಂದ ಹೆಚ್ಚಾಗಿ ಬರುವ ಮಾತು ಯಾವುದೆಂದು ಗಮನಿಸಿದ್ದೀರಾ? "ಏನ್ ಹೇಳ್ಲಿ ಅಕ್ಕಾ, ಪುರುಸೊತ್ತೇ ಇಲ್ಲ ನೋಡ್ರಿ" ಎಂಬುದೇ ಆ ಮಾತು. ಕೇಳಲು ಇದು ದೂರಿನಂತಿರುತ್ತದೆ. ಆದರೆ ಅದರೊಳಗೆ ಒಂದಿಷ್ಟು ಹೆಮ್ಮೆಯೂ ಇರುತ್ತದೆ. ಪುರುಸೊತ್ತಿಲ್ಲದವರು ಎಲ್ಲರಿಗೂ ಬೇಕಾದವರು, ಪುರುಸೊತ್ತಿರುವವರು ಯಾರಿಗೂ ಬೇಡವಾದವರು ಎಂಬ ಲೆಕ್ಕ ಹೇಗೋ ನಮ್ಮ ಮನಸ್ಸಿನಲ್ಲಿ ಸೇರಿಕೊಂಡಿದೆ. ಅದರಲ್ಲೂ ಆ ಹೊತ್ತು ದೇವರ ಕೆಲಸಕ್ಕೆ ಹೋಗುತ್ತಿದೆ ಎಂದರೆ ಮುಗಿಯಿತು, ಅದನ್ನು ಪ್ರಶ್ನಿಸುವವರೇ ಇರುವುದಿಲ್ಲ. ಆ ಪ್ರಶ್ನೆಯನ್ನು ಈ ಸಲ ನಾನೇ ಕೇಳಿಕೊಳ್ಳಬೇಕೆಂದಿದ್ದೇನೆ. ನಾವು ದೇವರಿಗೆ ಕೊಡುವ ಹೊತ್ತು ನಿಜವಾಗಿ ಯಾರದು?

ನನ್ನ ವಿಷಯ ಹೇಳದೆ ಈ ಪ್ರಶ್ನೆಯನ್ನು ವಿವರಿಸಲಾರೆ. ಕೊಪ್ಪಳದಿಂದ ಹೊಸಪೇಟೆಗೆ ಹೋಗುವ ಹೆದ್ದಾರಿಯಲ್ಲಿ ಸಿಗುವ ಹಿಟ್ನಾಳದಲ್ಲಿ ನಮ್ಮ ಮನೆ. ನಾನು ಸರಕಾರಿ ಪ್ರಾಥಮಿಕ ಶಾಲೆಯ ಶಿಕ್ಷಕಿ. ನಮ್ಮ ಮನೆಯವರದು ಉಕ್ಕಿನ ಕಾರ್ಖಾನೆಯಲ್ಲಿ ಪಾಳಿ ಕೆಲಸ. ಮಗಳಿಗೆ ಏಳು ವರ್ಷ, ಮಗನಿಗೆ ಮೂರು. ನಮ್ಮ ಭಾಗದಲ್ಲಿ ಕಥೋಲಿಕರ ಮನೆಗಳು ಒಂದೆಡೆ ಇಲ್ಲ, ಅಲ್ಲೊಂದು ಇಲ್ಲೊಂದು ಚದುರಿವೆ. ಆದ್ದರಿಂದ ಬಲಿಪೂಜೆಗೂ ಬಸ್ಸು ಹತ್ತಬೇಕು, ಪ್ರಾರ್ಥನಾ ಕೂಟಕ್ಕೂ ಬಸ್ಸು ಹತ್ತಬೇಕು.

ಒಂದು ವಾರದ ಕಥೆ

ಬೆಳಿಗ್ಗೆ ಐದಕ್ಕೆ ಎದ್ದು ರೊಟ್ಟಿ ತಟ್ಟುವುದರಿಂದ ದಿನ ಆರಂಭವಾಗುತ್ತದೆ. ಮಗಳನ್ನು ಶಾಲೆಗೆ ಸಿದ್ಧಮಾಡಿ, ಮಗನನ್ನು ಪಕ್ಕದ ಮನೆಯ ಅಜ್ಜಿಯ ಕೈಗಿತ್ತು, ಟಂಟಂ ಹಿಡಿದು ಶಾಲೆಗೆ ಓಡುತ್ತೇನೆ. ಪ್ರಾರ್ಥನೆ, ಹಾಲು ಹಂಚುವುದು, ಒಂದರಿಂದ ಮೂರನೆಯ ತರಗತಿಯವರೆಗಿನ ಮಕ್ಕಳನ್ನು ಒಟ್ಟಿಗೆ ಕೂರಿಸಿ ನಲಿ-ಕಲಿ ಪಾಠ, ಮಧ್ಯಾಹ್ನ ಬಿಸಿಯೂಟ, ಅದರ ಲೆಕ್ಕ, ಹಾಜರಿಯ ಲೆಕ್ಕ, ಮೇಲಿನವರು ಫೋನಿನಲ್ಲಿ ಕೇಳುವ ಮಾಹಿತಿಯ ಲೆಕ್ಕ. 2002ರಲ್ಲಿ ಅಕ್ಷರ ದಾಸೋಹ ಮೊದಲು ಆರಂಭವಾದದ್ದು ನಮ್ಮ ಕೊಪ್ಪಳವೂ ಸೇರಿದಂತೆ ಈಶಾನ್ಯ ಕರ್ನಾಟಕದ ಏಳು ಜಿಲ್ಲೆಗಳಲ್ಲಿ. 2013ರಲ್ಲಿ ಕ್ಷೀರಭಾಗ್ಯ ಬಂತು. ಇವೆರಡರಿಂದ ಮಕ್ಕಳಿಗೆ ಒಳ್ಳೆಯದೇ ಆಗಿದೆ. ಆದರೆ ಶಿಕ್ಷಕರ ದಿನ ಪಾಠದ ಸುತ್ತಲಷ್ಟೇ ಸುತ್ತುತ್ತಿಲ್ಲ ಎಂಬುದನ್ನೂ ಹೇಳಬೇಕು.

ಮಂಗಳವಾರ ಸಂಜೆ ಕಿರು ಕ್ರೈಸ್ತ ಸಮುದಾಯದ ಕೂಟ. ಶುಕ್ರವಾರ ಗಾಯನವೃಂದದ ತಾಲೀಮು. ಶನಿವಾರ ಬೆಳಗಿನ ಶಾಲೆ ಮುಗಿಸಿ ಬಂದರೆ ಒಗೆಯುವ ಬಟ್ಟೆ ಗುಡ್ಡದಂತೆ ಬಿದ್ದಿರುತ್ತದೆ. ಅದಾದ ಮೇಲೆ ಮರುದಿನದ ಧರ್ಮೋಪದೇಶದ ಪಾಠಕ್ಕೆ ಸಿದ್ಧತೆ. ಭಾನುವಾರ ಬಲಿಪೂಜೆ, ಧರ್ಮೋಪದೇಶ, ಪಾಲನಾ ಸಮಿತಿಯ ಸಭೆ. ಮನೆ ಮುಟ್ಟುವಾಗ ಮಧ್ಯಾಹ್ನ ಎರಡು ಗಂಟೆ. ಮಗ ಅಷ್ಟರಲ್ಲಿ ನನ್ನ ಹೆಗಲ ಮೇಲೆಯೇ ನಿದ್ದೆ ಹೋಗಿರುತ್ತಾನೆ.

2025ರ ಅಕ್ಟೋಬರ್ ತಿಂಗಳು ಇದಕ್ಕೆಲ್ಲ ಕಿರೀಟವಿಟ್ಟಂತಾಯಿತು. ಸೆಪ್ಟೆಂಬರ್ 22ರಿಂದ ರಾಜ್ಯದಲ್ಲಿ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆ ಶುರುವಾಗಿ, ಶಿಕ್ಷಕರೇ ಗಣತಿದಾರರಾದರು. ಕೆಲಸ ಮುಗಿಯದ ಕಾರಣ ಶಾಲೆಗಳ ದಸರಾ ರಜೆಯನ್ನು ಅಕ್ಟೋಬರ್ 18ರವರೆಗೆ ವಿಸ್ತರಿಸಲಾಯಿತು. ಮಕ್ಕಳಿಗೆ ಅದು ರಜೆ, ನಮಗೆ ದುಡಿಮೆ. ಅಕ್ಟೋಬರ್ ಎಂದರೆ ಜಪಸರದ ತಿಂಗಳು ಬೇರೆ. ಹಗಲೆಲ್ಲ ಮನೆಮನೆಗೆ ಸಮೀಕ್ಷೆ, ಸಂಜೆ ಮನೆಮನೆಗೆ ಜಪಸರ. ನನ್ನ ಮನೆಯೊಂದು ಮಾತ್ರ ಉಳಿಯಿತು.

ಆ ತಿಂಗಳ ಒಂದು ರಾತ್ರಿ ಒಲೆಯ ಮುಂದೆ ನಿಂತಿದ್ದಾಗ ಪಡಸಾಲೆಯಲ್ಲಿ ಮಕ್ಕಳಿಬ್ಬರೂ ಆಡುವುದು ಕೇಳಿಸಿತು. ಮಗಳು ತೊಡೆಯ ಮೇಲೆ ನೋಟ್‌ಬುಕ್ಕು ಇಟ್ಟುಕೊಂಡು ಏನೋ ಗೀಚುತ್ತಿದ್ದಳು. ಮಗ ಅವಳ ಬಳಿ ಹೋಗಿ "ನೀರು" ಎಂದ. ಅವಳು ತಲೆ ಎತ್ತದೆ, "ತಡಿ, ಇದೊಂದು ಮುಗಸ್ತೀನಿ" ಎಂದಳು. ಅವನು ಮತ್ತೆ ಬಂದ. "ತಡಿ ಅಂದ್ನಲ್ಲ, ಇದೊಂದು ಮುಗಸ್ತೀನಿ." ಮೂರನೆಯ ಸಲಕ್ಕೂ ಅದೇ ಉತ್ತರ. ನನಗೆ ನಗು ಬಂತು. "ಏನವ್ವ, ಶಾಲಿ ಆಟ ಏನು?" ಎಂದು ಕೇಳಿದೆ. "ಅಲ್ಲಮ್ಮ, ಇದು ಅಮ್ಮನ ಆಟ" ಎಂದಳು.

ಅವಳ ಮಾತಿನಲ್ಲಿ ದೂರಿರಲಿಲ್ಲ. ಮಕ್ಕಳು ಕಂಡದ್ದನ್ನೇ ಆಡುತ್ತಾರೆ. ಅಡುಗೆ ಮಾಡುವ ತಾಯಿಯನ್ನು ಕಂಡರೆ ಅಡುಗೆ ಆಟ ಆಡುತ್ತಾರೆ. ನನ್ನ ಮಗಳು ಕಂಡಿದ್ದು ತಲೆ ಎತ್ತದ ತಾಯಿಯನ್ನು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಕೊರ್ಬಾನ್ ಎಂಬ ಮಾತು

ಸಂತ ಮಾರ್ಕನ ಶುಭಸಂದೇಶದ ಏಳನೆಯ ಅಧ್ಯಾಯದಲ್ಲಿ ಯೇಸುಸ್ವಾಮಿ ಫರಿಸಾಯರನ್ನು ಬಲವಾಗಿ ಖಂಡಿಸುವ ಒಂದು ಸಂದರ್ಭವಿದೆ. ಆ ಕಾಲದಲ್ಲಿ ಒಬ್ಬನು ತನ್ನ ಆಸ್ತಿಯನ್ನು 'ಕೊರ್ಬಾನ್', ಅಂದರೆ ದೇವರಿಗೆ ಮುಡಿಪು ಎಂದು ಘೋಷಿಸಿಬಿಟ್ಟರೆ, ಅದರಿಂದ ತಂದೆತಾಯಿಗೆ ಸಲ್ಲಬೇಕಾದ ನೆರವನ್ನು ಕೊಡದೆ ತಪ್ಪಿಸಿಕೊಳ್ಳಬಹುದಾಗಿತ್ತು. ಹೊರಗಿನಿಂದ ನೋಡಿದರೆ ಇದು ಎಂತಹ ಭಕ್ತಿ! ಆದರೆ ಪ್ರಭು ಇದನ್ನು ಭಕ್ತಿಯೆಂದು ಒಪ್ಪಲಿಲ್ಲ. ನಿಮ್ಮ ಸಂಪ್ರದಾಯದಿಂದ ದೇವರ ಆಜ್ಞೆಯನ್ನೇ ಇಲ್ಲವಾಗಿಸಿದ್ದೀರಿ ಎಂದರು. ಇನ್ನೊಬ್ಬರಿಗೆ ಸಲ್ಲಬೇಕಾದ್ದನ್ನು ತಂದು ದೇವರ ಮುಂದಿಟ್ಟರೆ ಅದು ಕಾಣಿಕೆ ಆಗುವುದಿಲ್ಲ ಎಂಬುದೇ ಇದರ ಅರ್ಥ.

ಇಷ್ಟು ವರ್ಷ ಈ ವಾಕ್ಯವನ್ನು ನಾನು ವಯಸ್ಸಾದ ತಂದೆತಾಯಿಯ ವಿಷಯವೆಂದೇ ತಿಳಿದಿದ್ದೆ, ಧರ್ಮೋಪದೇಶದ ಮಕ್ಕಳಿಗೂ ಹಾಗೆಯೇ ಕಲಿಸಿದ್ದೆ. ಆದರೆ ಸಲ್ಲಬೇಕಾದದ್ದು ಹಣ ಮಾತ್ರವೇ? ಏಳು ವರ್ಷದ ಮಗುವಿಗೆ ತಾಯಿಯಿಂದ ಸಲ್ಲಬೇಕಾದ ಹೊತ್ತು ಸಾಲವಲ್ಲವೇ? ಆ ಹೊತ್ತನ್ನು ಎತ್ತಿ, ಇದು ಗಾಯನವೃಂದಕ್ಕೆ, ಇದು ಸಭೆಗೆ, ಇದು ದೇವರಿಗೆ ಎಂದು ಚೀಟಿ ಅಂಟಿಸಿದರೆ ಅದು ಕೊರ್ಬಾನ್ ಅಲ್ಲದೆ ಮತ್ತೇನು?

ಇಲ್ಲಿ ಒಂದು ನಿಜವನ್ನು ಒಪ್ಪಿಕೊಳ್ಳಲೇಬೇಕು. ನಾನು ದೇವಾಲಯಕ್ಕೆ ಓಡುತ್ತಿದ್ದುದು ದೇವರಿಗಾಗಿ ಮಾತ್ರ ಆಗಿರಲಿಲ್ಲ. ಮನೆಯಲ್ಲಿ ಎಷ್ಟು ದುಡಿದರೂ "ಅಕ್ಕೋರ, ನೀವು ಇಲ್ದಿದ್ರ ಹಾಡೇ ಆಗಂಗಿಲ್ಲ" ಎಂದು ಯಾರೂ ಹೇಳುವುದಿಲ್ಲ. ತೊಳೆದ ಪಾತ್ರೆಗೆ ಚಪ್ಪಾಳೆಯಿಲ್ಲ. ಹಬ್ಬದ ಪೂಜೆಯ ಕೊನೆಯಲ್ಲಿ ಗಾಯನವೃಂದಕ್ಕೆ ಚಪ್ಪಾಳೆಯಿದೆ. ಸೇವೆಯಲ್ಲಿ ಸಿಗುವ ಸಂತೋಷ ತಪ್ಪಲ್ಲ. ಆದರೆ ಆ ಸಂತೋಷದ ಬೆಲೆಯನ್ನು ತೆತ್ತವರು ನನ್ನ ಮಕ್ಕಳು ಎಂಬುದು ನನಗೆ ತಿಳಿದಿರಲಿಲ್ಲವೋ, ತಿಳಿಯದಂತೆ ಇರುವುದು ನನಗೇ ಅನುಕೂಲವಾಗಿತ್ತೋ?

ಹಾಗಾದರೆ ದೇವಾಲಯವನ್ನು ಬಿಡಬೇಕೇ?

ಇದನ್ನು ಓದಿ ಯಾರಾದರೂ, "ಸರಿ, ಮನೆಯೇ ಮೊದಲು, ಭಾನುವಾರದ ಪೂಜೆಯೂ ಬೇಡ, ಸೇವೆಯೂ ಬೇಡ" ಎಂದುಕೊಂಡರೆ ಅದು ಇನ್ನೊಂದು ತಪ್ಪು. ತನಗಿಂತ ಹೆಚ್ಚಾಗಿ ಮಗನನ್ನೋ ಮಗಳನ್ನೋ ಪ್ರೀತಿಸುವವನು ತನಗೆ ಯೋಗ್ಯನಲ್ಲ ಎಂದು ಸಂತ ಮತ್ತಾಯನ ಶುಭಸಂದೇಶದಲ್ಲಿ ಹೇಳಿದವರೂ ಅದೇ ಯೇಸುಸ್ವಾಮಿ. ಮಕ್ಕಳ ನೆಪ ಹೇಳಿ ದೇವರಿಂದ ದೂರವಾಗುವವರೂ ನಮ್ಮ ನಡುವೆ ಇದ್ದಾರೆ. ಭಾನುವಾರ ಮಗುವಿನ ಟ್ಯೂಷನ್, ಮಗುವಿನ ಸ್ಪರ್ಧೆ, ಮಗುವಿನ ನಿದ್ದೆ ಎನ್ನುತ್ತ ಹತ್ತು ವರ್ಷ ಕಳೆದ ಮೇಲೆ, "ನಮ್ಮ ಹುಡುಗ ಚರ್ಚಿಗೆ ಬರೋದೇ ಇಲ್ಲ ಫಾದರ್" ಎಂದು ಅಳುವ ತಂದೆತಾಯಂದಿರನ್ನು ನೀವೂ ಕಂಡಿರಬಹುದು.

ಈ ಎರಡು ಮಾತುಗಳ ಗಂಟನ್ನು ಬಿಡಿಸುವ ಘಟನೆ ಸಂತ ಲೂಕನ ಎರಡನೆಯ ಅಧ್ಯಾಯದಲ್ಲಿದೆ. ಹನ್ನೆರಡು ವರ್ಷದ ಬಾಲಯೇಸುವನ್ನು ಮರಿಯಮ್ಮನವರೂ ಸಂತ ಜೋಸೆಫರೂ ಕಳೆದುಕೊಂಡದ್ದು ಎಲ್ಲಿಂದ ಬರುವಾಗ? ಪಾಸ್ಕ ಹಬ್ಬಕ್ಕೆ ಜೆರುಸಲೇಮಿನ ಮಹಾದೇವಾಲಯಕ್ಕೆ ಹೋಗಿ ಬರುವಾಗ! ಮಗು ಜೊತೆಯವರಲ್ಲಿ ಎಲ್ಲೋ ಇರಬಹುದೆಂದು ತಿಳಿದು ಒಂದು ದಿನದ ಹಾದಿ ನಡೆದುಬಿಟ್ಟರು. ಪವಿತ್ರ ಕುಟುಂಬಕ್ಕೇ ಹೀಗಾಯಿತೆಂದರೆ ನಾವು ಎಷ್ಟರವರು? ಆದರೆ ಕಳೆದುಹೋಗಿದ್ದಾನೆಂದು ತಿಳಿದ ಕ್ಷಣ ಅವರು ಮುಂದೆ ಹೋಗಲಿಲ್ಲ. ಹಿಂದಿರುಗಿ, ಮೂರನೆಯ ದಿನ ಸಿಗುವವರೆಗೂ ಹುಡುಕಿದರು. ತಂದೆಯ ಆಲಯದಲ್ಲಿ ತಾನಿರಬೇಕೆಂಬುದು ನಿಮಗೆ ತಿಳಿಯದೇ ಎಂದು ಕೇಳಿದ ಬಾಲಯೇಸು, ಆ ಮಾತು ಹೇಳಿ ಅಲ್ಲಿಯೇ ಉಳಿಯಲಿಲ್ಲ. ಅವರೊಡನೆ ನಜರೇತಿಗೆ ಹೋಗಿ ಅವರಿಗೆ ವಿಧೇಯನಾಗಿದ್ದನು. ದೇವರ ಹಕ್ಕನ್ನು ಹೇಳಿದ ಬಾಯಿಯೇ ಮನೆಯ ಹಕ್ಕನ್ನೂ ಒಪ್ಪಿತು. ಮುಂದಿನ ಹದಿನೆಂಟು ವರ್ಷಗಳು ಆ ಮನೆಯಲ್ಲಿ, ಬಡಗಿಯ ಕೆಲಸದಲ್ಲಿ ಕಳೆದವು. ಲೋಕರಕ್ಷಕರಿಗೇ ಅದು ವ್ಯರ್ಥ ಹೊತ್ತಾಗಿ ಕಾಣಲಿಲ್ಲ.

ಸಾಲ ಯಾವುದು, ಕಾಣಿಕೆ ಯಾವುದು?

ನಮ್ಮ ಹಿರಿಯರು ಸಾಲವನ್ನೂ ದಾನವನ್ನೂ ಬೇರೆ ಮಾಡಿ ನೋಡುತ್ತಿದ್ದರು. ಸಾಲಗಾರನಿಗೆ ಕೊಡಬೇಕಾದ ಹಣದಲ್ಲಿ ದಾನ ಮಾಡಿ ಪುಣ್ಯ ಕಟ್ಟಿಕೊಳ್ಳಲಾಗದು. ಧರ್ಮಸಭೆಯ ಬೋಧನೆಯೂ ಹೀಗೆಯೇ. ಸಂತ ಥಾಮಸ್ ಅಕ್ವಿನಾಸ್ ಪ್ರೀತಿಗೂ ಒಂದು ಕ್ರಮವಿದೆ ಎಂದು ಬೋಧಿಸಿದರು. ದೇವರನ್ನು ಎಲ್ಲಕ್ಕಿಂತ ಮಿಗಿಲಾಗಿ ಪ್ರೀತಿಸಬೇಕು, ಮನುಷ್ಯರಲ್ಲಿ ನಮಗೆ ಹತ್ತಿರದವರಾಗಿ ಒಪ್ಪಿಸಲ್ಪಟ್ಟವರ ಹೊಣೆ ಹೆಚ್ಚು. ಸಂತ ಪೌಲರು ತಿಮೊಥೇಯನಿಗೆ ಬರೆದ ಮೊದಲನೆಯ ಪತ್ರದಲ್ಲಿ ಇನ್ನೂ ಕಠಿಣವಾಗಿ ಹೇಳುತ್ತಾರೆ: ಸ್ವಂತ ಮನೆಯವರನ್ನು ನೋಡಿಕೊಳ್ಳದವನು ವಿಶ್ವಾಸವನ್ನೇ ತ್ಯಜಿಸಿದವನು.

ಹೀಗೆ ವಿಂಗಡಿಸಿದಾಗ ನನ್ನ ವಾರದಲ್ಲಿ ಮೂರು ಸಾಲಗಳು ಕಂಡವು. ಭಾನುವಾರದ ಬಲಿಪೂಜೆ ದೇವರಿಗೆ ಸಲ್ಲಬೇಕಾದದ್ದು. ಅದು ಕಟ್ಟಳೆ, ನನ್ನ ಇಷ್ಟಕ್ಕೆ ಬಿಟ್ಟದ್ದಲ್ಲ. ಎರಡನೆಯದು, ಮದುವೆಯ ಪೀಠದ ಮುಂದೆ ದೇವರು ಕೊಡುವ ಮಕ್ಕಳನ್ನು ಸ್ವೀಕರಿಸುತ್ತೇವೆಂದು ಒಪ್ಪಿದ ಕಾರಣ ಆ ಮಕ್ಕಳಿಗೆ ಸಲ್ಲಬೇಕಾದದ್ದು. ಮೂರನೆಯದು, ಸಂಬಳ ಪಡೆಯುತ್ತಿರುವುದರಿಂದ ಶಾಲೆಯ ಮಕ್ಕಳಿಗೆ ಸಲ್ಲಬೇಕಾದದ್ದು. ಉಳಿದ ಸೇವೆಗಳೆಲ್ಲ ಕಾಣಿಕೆ. ಕಾಣಿಕೆ ಪವಿತ್ರವಾದದ್ದು, ಆದರೆ ಸಾಲ ತೀರಿಸಿದ ಮೇಲೆ ಕೊಡುವಂಥದ್ದು.

ಮೂರನೆಯ ಸಾಲದ ವಿಷಯದಲ್ಲಿಯೂ ನನ್ನ ಕೈ ಶುದ್ಧವಿರಲಿಲ್ಲ. ಒಂದು ಡಿಸೆಂಬರಿನಲ್ಲಿ ಕ್ರಿಸ್ಮಸ್ ನಾಟಕದ ಮಾತುಗಳನ್ನು ಬರೆಯುವುದಕ್ಕಾಗಿ ತರಗತಿಯ ಮಕ್ಕಳಿಗೆ ಕಾಪಿ ಬರೆಯಲು ಹಚ್ಚಿ ಕುಳಿತಿದ್ದೆ. ದೇವರ ಕೆಲಸವಲ್ಲವೇ ಎಂಬ ಸಮಾಧಾನ! ಆ ಮಕ್ಕಳು ಯಾರು? ಅವರಲ್ಲಿ ಅನೇಕರು ತಮ್ಮ ಮನೆಯಲ್ಲಿ ಅಕ್ಷರ ಕಲಿಯುತ್ತಿರುವ ಮೊದಲಿಗರು. 2011ರ ಜನಗಣತಿಯಲ್ಲಿ ಕೊಪ್ಪಳ ಜಿಲ್ಲೆಯ ಸಾಕ್ಷರತೆ ಸುಮಾರು ಶೇಕಡಾ 68 ಇತ್ತು. ತಂದೆತಾಯಿ ದುಡಿಯಲು ಬೆಂಗಳೂರಿಗೆ ಹೋಗಿದ್ದಾರೆಂದು ಅಜ್ಜಿಯ ಬಳಿ ಉಳಿದ ಮಗು, ತಮ್ಮನನ್ನು ಸೊಂಟದ ಮೇಲೆ ಹೊತ್ತು ಬರುವ ಹುಡುಗಿ, ಇವರಿಗೆ ಶಾಲೆಯ ಆ ಒಂದು ಗಂಟೆಯನ್ನು ಬಿಟ್ಟರೆ ಇನ್ನೊಂದು ಗಂಟೆ ಇಲ್ಲ. ಅವರ ಗಂಟೆಯನ್ನು ಕದ್ದು ನಾನು ಗೋದಲಿಯ ಮುಂದೆ ಇಟ್ಟೆ. ಗೋದಲಿಯಲ್ಲಿ ಮಲಗಿರುವ ಬಡ ಮಗು ಅದನ್ನು ಹೇಗೆ ಸ್ವೀಕರಿಸೀತು? ಪಾಪನಿವೇದನೆಯಲ್ಲಿ ಕೋಪ, ಸುಳ್ಳು ಎಂದೆಲ್ಲ ಹೇಳುತ್ತ ಬಂದ ನಾನು ಇದನ್ನು ಒಂದು ದಿನವೂ ಹೇಳಿರಲಿಲ್ಲ.

ಸಂತರು ನಡೆದ ಹಾದಿ

ಜಿನೀವದ ಧರ್ಮಾಧ್ಯಕ್ಷರಾಗಿದ್ದ ಸಂತ ಫ್ರಾನ್ಸಿಸ್ ದ ಸೇಲ್ಸ್ ಅವರು 1609ರಲ್ಲಿ ಪ್ರಕಟಿಸಿದ ಭಕ್ತಿಜೀವನದ ಪುಸ್ತಕದಲ್ಲಿ ಇದೇ ವಿಷಯವನ್ನು ಎತ್ತಿಕೊಂಡಿದ್ದಾರೆ. ಮಠದಲ್ಲಿರುವವರ ಭಕ್ತಿ, ಕುಶಲಕರ್ಮಿಯ ಭಕ್ತಿ, ಸಂಸಾರಿಯ ಭಕ್ತಿ ಒಂದೇ ರೀತಿ ಇರಲಾರದು. ಸಂಸಾರಿ ಸನ್ಯಾಸಿಯಂತೆ, ಕೂಲಿಗಾರ ಮಠವಾಸಿಯಂತೆ ದಿನವಿಡೀ ದೇವಾಲಯದಲ್ಲೇ ಇರಲು ಹೊರಟರೆ ಅದು ನಗೆಪಾಟಲಾಗುತ್ತದೆ ಎಂಬುದು ಅವರ ಅಭಿಪ್ರಾಯ. 1440ರಲ್ಲಿ ತೀರಿಕೊಂಡ ರೋಮಿನ ಸಂತ ಫ್ರಾನ್ಸಿಸ್ಕಾ ಕೂಡ ಗೃಹಿಣಿ. ಪ್ರಾರ್ಥನೆಗೆ ಕುಳಿತಾಗ ಮನೆಯ ಕೆಲಸಕ್ಕೆ ಕರೆ ಬಂದರೆ ಅವರು ಪುಸ್ತಕ ಮುಚ್ಚಿ ಏಳುತ್ತಿದ್ದರಂತೆ. ಒಂದೇ ವಾಕ್ಯದಲ್ಲಿ ನಾಲ್ಕು ಸಲ ಎದ್ದು ಹೋಗಿ ಬಂದಾಗ ಆ ವಾಕ್ಯ ಚಿನ್ನದ ಅಕ್ಷರಗಳಲ್ಲಿ ಹೊಳೆಯುತ್ತಿತ್ತು ಎಂಬ ಕಥೆಯನ್ನು ಹೇಳುತ್ತಾರೆ.

ನಮ್ಮ ಕಾಲಕ್ಕೆ ಹತ್ತಿರದವರು ಸಂತ ಚಿಕ್ಕ ತೆರೇಸಮ್ಮನವರ ತಂದೆತಾಯಿಗಳಾದ ಲೂಯಿ ಮತ್ತು ಜೆಲಿ ಮಾರ್ಟಿನ್. ಜೆಲಿ ಫ್ರಾನ್ಸಿನ ಅಲೆನ್ಸಾನ್ ಊರಿನಲ್ಲಿ ಲೇಸು ನೇಯಿಸುವ ಉದ್ಯೋಗವನ್ನು ನಡೆಸುತ್ತಿದ್ದ ದುಡಿಯುವ ತಾಯಿ. ಒಂಬತ್ತು ಮಕ್ಕಳನ್ನು ಹೆತ್ತು ನಾಲ್ವರನ್ನು ಎಳವೆಯಲ್ಲೇ ಕಳೆದುಕೊಂಡರು. ಅವರು ಬಂಧುಗಳಿಗೆ ಬರೆದ ಪತ್ರಗಳು ಉಳಿದಿವೆ. ಅವುಗಳಲ್ಲಿ ದರ್ಶನಗಳ ವರ್ಣನೆಯಿಲ್ಲ. ಮುಗಿಯದ ಲೇಸಿನ ಕೆಲಸ, ಆಯಾಸ, ಮಕ್ಕಳ ಕಾಯಿಲೆ, ಅವರ ತುಂಟತನ, ಇವೆಲ್ಲದರ ನಡುವೆ ದೇವರ ಮೇಲಿನ ಭರವಸೆ ಇದೆ. ಗಡಿಯಾರದ ಅಂಗಡಿ ಇಟ್ಟಿದ್ದ ಲೂಯಿ 1870ರಲ್ಲಿ ಅದನ್ನು ಬಿಟ್ಟುಕೊಟ್ಟು ಹೆಂಡತಿಯ ಉದ್ಯೋಗಕ್ಕೆ ಕೈಜೋಡಿಸಿದರು. ನಮ್ಮ ಗಂಡಸರು ಇದನ್ನು ಗಮನಿಸಬೇಕು! 2015ರ ಅಕ್ಟೋಬರ್ 18ರಂದು ಜಗದ್ಗುರು ಫ್ರಾನ್ಸಿಸರು ಈ ದಂಪತಿಗಳನ್ನು ಒಟ್ಟಿಗೆ ಸಂತರೆಂದು ಸಾರಿದರು.

ಮಾರ್ತ ಮರಿಯರ ಕಥೆ ಎಲ್ಲರಿಗೂ ಗೊತ್ತು. ದುಡಿಯುವ ಹೆಂಗಸರು ಅದನ್ನು ಕೇಳಿದಾಗಲೆಲ್ಲ ಸ್ವಲ್ಪ ನೊಂದುಕೊಳ್ಳುತ್ತಾರೆ. ಅಡುಗೆ ಮಾಡುವವರಿಲ್ಲದಿದ್ದರೆ ಎಲ್ಲರೂ ಏನು ತಿನ್ನಬೇಕಿತ್ತು ಎಂಬ ಪ್ರಶ್ನೆ ಏಳುತ್ತದೆ. ಆದರೆ ಪ್ರಭು ಮಾರ್ತಳ ದುಡಿಮೆಯನ್ನು ಬೈಯಲಿಲ್ಲ. ಅನೇಕ ವಿಷಯಗಳ ಬಗ್ಗೆ ಅವಳು ಚಿಂತಿಸುತ್ತ ಕಳವಳಗೊಂಡದ್ದನ್ನು ತೋರಿಸಿಕೊಟ್ಟರು. ಅವಳು ಅತಿಥಿಯ ಮುಖ ನೋಡುವುದನ್ನು ಬಿಟ್ಟು ತಂಗಿಯ ಕೆಲಸದ ಲೆಕ್ಕ ನೋಡುತ್ತಿದ್ದಳು. ಅದೇ ಮಾರ್ತ ಲಾಜರನು ಸತ್ತಾಗ, ನೀವೇ ಕ್ರಿಸ್ತ, ದೇವರ ಪುತ್ರ ಎಂದು ವಿಶ್ವಾಸವನ್ನು ಸಾರಿದವಳು. 2021ರಿಂದ ಜುಲೈ 29ರಂದು ಮಾರ್ತ, ಮರಿಯ, ಲಾಜರ ಮೂವರನ್ನೂ ಧರ್ಮಸಭೆ ಒಟ್ಟಿಗೆ ಸ್ಮರಿಸುತ್ತಿದೆ. ಒಂದೇ ಮನೆಯಲ್ಲಿ ಎಲ್ಲರಿಗೂ ಜಾಗವಿದೆ. ನನ್ನ ತಪ್ಪೂ ಕೆಲಸ ಹೆಚ್ಚಾದದ್ದಲ್ಲ. ತಲೆ ಎತ್ತಿ ಮುಖ ನೋಡದೇ ಹೋದದ್ದು ನನ್ನ ತಪ್ಪು.

ಅಣೆಕಟ್ಟು ಕಲಿಸಿದ ಪಾಠ

ನಾವು ತುಂಗಭದ್ರೆಯ ಮಗ್ಗುಲಲ್ಲಿ ಬದುಕುವವರು. 2024ರ ಆಗಸ್ಟ್ 10ರ ರಾತ್ರಿ ನಮ್ಮ ಅಣೆಕಟ್ಟಿನ 19ನೆಯ ಗೇಟಿನ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋದದ್ದು ನಮಗೆಲ್ಲ ನೆನಪಿದೆ. ರೈತರ ಎದೆ ಒಡೆದಂತಾಗಿತ್ತು. ಒತ್ತಡ ಇಳಿಸಲು 33 ಗೇಟುಗಳನ್ನೂ ತೆರೆಯಬೇಕಾಯಿತು. ಅಣೆಕಟ್ಟಿನ ನೀರು ಬಹಳಷ್ಟು ಇಳಿಯುವವರೆಗೆ ದುರಸ್ತಿ ಸಾಧ್ಯವಿಲ್ಲ ಎಂಬ ಮಾತು ಮೊದಲು ಕೇಳಿಬಂತು. ಆದರೆ ಹರಿಯುವ ನೀರಿನಲ್ಲೇ ಉಕ್ಕಿನ ತುಂಡುಗಳನ್ನು ಒಂದರ ಮೇಲೊಂದು ಇಳಿಸಿ ಸುಮಾರು ಒಂದು ವಾರದಲ್ಲಿ ತಾತ್ಕಾಲಿಕ ಗೇಟನ್ನು ಕೂರಿಸಿದರು.

ಒಂದು ಕೊಂಡಿಯ ಮೇಲೆ ಎಷ್ಟು ಭಾರ ಬೀಳುತ್ತಿದೆ ಎಂದು ಮುಂಚೆಯೇ ನೋಡಬೇಕು ಎಂಬುದು ಇದರಿಂದ ನಾನು ಕಲಿತ ಮೊದಲ ಪಾಠ. ನಮ್ಮ ಎಷ್ಟೋ ಮನೆಗಳಲ್ಲಿ, ಎಷ್ಟೋ ಧರ್ಮಕೇಂದ್ರಗಳಲ್ಲಿ ಎಲ್ಲ ಭಾರವೂ ಒಂದೇ ಕೊಂಡಿಯ ಮೇಲಿರುತ್ತದೆ. ಚೆನ್ನಾಗಿ ಮಾಡುತ್ತಾಳೆಂದು ಅವಳಿಗೇ ಎಲ್ಲವನ್ನೂ ಹೊರಿಸುತ್ತೇವೆ, ಅವಳೂ ಬೇಡವೆನ್ನುವುದಿಲ್ಲ. ಎರಡನೆಯದು, ಮಕ್ಕಳು ದೊಡ್ಡವರಾಗಲಿ, ವರ್ಗಾವಣೆ ಸಿಗಲಿ, ಆಮೇಲೆ ಎಲ್ಲ ಸರಿಪಡಿಸಿಕೊಳ್ಳೋಣ ಎಂದು ಕಾಯುತ್ತ ಕೂರಲಾಗದು. ಬಾಳು ಹರಿಯುತ್ತಿರುವಾಗಲೇ ದುರಸ್ತಿಯಾಗಬೇಕು.

ನಾವು ಮಾಡಿದ್ದು

ಮೊದಲು ಗಂಡಹೆಂಡತಿ ಕೂತು ಮಾತಾಡಿದೆವು. ಜಗದ್ಗುರು ಎರಡನೇ ಜಾನ್ ಪೌಲರು 1981ರಲ್ಲಿ ಕುಟುಂಬದ ಕುರಿತು ಬರೆದ ಪತ್ರದಲ್ಲಿ, ತಂದೆಯಾದವನು ಮಕ್ಕಳನ್ನು ಬೆಳೆಸುವ ಹೊಣೆಯನ್ನು ಹೆಂಡತಿಯೊಡನೆ ಹಂಚಿಕೊಳ್ಳಬೇಕು, ಅವನ ದುಡಿಮೆ ಕುಟುಂಬದಲ್ಲಿ ಒಡಕಿಗೆ ಕಾರಣವಾಗಬಾರದು ಎಂದಿದ್ದಾರೆ. ಇದನ್ನು ಓದಿ ಹೇಳಿದಾಗ ನಮ್ಮ ಮನೆಯವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ರೊಟ್ಟಿ ಬಡಿಯಾಕ ಬರಂಗಿಲ್ಲ, ಅನ್ನ ಸಾರು ಮಾಡ್ತೀನಿ" ಎಂದರು. ಈಗ ರಾತ್ರಿ ಪಾಳಿಯಿಲ್ಲದ ವಾರ ಭಾನುವಾರದ ಅಡುಗೆ ಅವರದೇ. ಸಾರಿಗೆ ಉಪ್ಪು ಒಂದೊಂದು ಸಲ ಹೆಚ್ಚಾಗುತ್ತದೆ. ಯಾರೂ ದೂರುವುದಿಲ್ಲ.

ಆಮೇಲೆ ನಮ್ಮ ಗುರುಗಳ ಬಳಿ ಹೋಗಿ, ಧರ್ಮೋಪದೇಶದ ಪಾಠವನ್ನು ಇಟ್ಟುಕೊಳ್ಳುತ್ತೇನೆ, ಮಗ ಶಾಲೆಗೆ ಸೇರುವವರೆಗೆ ಗಾಯನವೃಂದವನ್ನೂ ಸಮಿತಿಯನ್ನೂ ಬಿಡುತ್ತೇನೆ ಎಂದೆ. ಬೇಸರ ಮಾಡಿಕೊಳ್ಳುತ್ತಾರೆಂದು ಅಂಜಿದ್ದೆ. ಅವರು, "ಇಷ್ಟು ದಿನ ಯಾಕ ಹೇಳಲಿಲ್ಲವ್ವ?" ಎಂದು ಕೇಳಿದರು. ನನ್ನ ಬಳಿ ಉತ್ತರವಿರಲಿಲ್ಲ. ಗಾಯನವೃಂದವನ್ನು ಈಗ ಇಬ್ಬರು ಕಾಲೇಜು ಹುಡುಗಿಯರು ನಡೆಸುತ್ತಿದ್ದಾರೆ. ಮೊದಲ ಭಾನುವಾರ ಹಾಡು ತಾಳ ತಪ್ಪಿತು, ನನಗೆ ಒಳಗೊಳಗೇ ಸ್ವಲ್ಪ ಸಂತೋಷವೂ ಆಯಿತು. ದೇವರು ಕ್ಷಮಿಸಲಿ. ನಾಲ್ಕನೆಯ ಭಾನುವಾರ ನನಗಿಂತ ಚೆನ್ನಾಗಿ ಹಾಡಿದರು. ನಾನಿಲ್ಲದೆಯೂ ದೇವರ ಸ್ತುತಿ ನಡೆಯುತ್ತದೆ ಎಂಬುದನ್ನು ಒಪ್ಪಿಕೊಳ್ಳುವುದೂ ಒಂದು ತಪಸ್ಸೇ.

ಮನೆಯಲ್ಲಿ ರಾತ್ರಿ ಊಟಕ್ಕೆ ಮೊದಲು ಅರ್ಧ ಗಂಟೆ ಫೋನು, ನೋಟ್‌ಬುಕ್ಕು ಎರಡೂ ಕಪಾಟಿನಲ್ಲಿರುತ್ತವೆ. ಐವತ್ಮೂರು ಮಣಿಯ ಜಪಸರವನ್ನು ಓಟದಲ್ಲಿ ಮುಗಿಸುವ ಬದಲು ಮಕ್ಕಳೊಡನೆ ಹತ್ತು ಮಣಿಗಳನ್ನು ನಿಧಾನವಾಗಿ ಹೇಳುತ್ತೇವೆ. ಮಗ ನಾಲ್ಕನೆಯ ಮಣಿಗೆ ಬೇರೆ ಏನೋ ಹೇಳಲು ಶುರುಮಾಡುತ್ತಾನೆ. ಎರಡನೆಯ ವ್ಯಾಟಿಕನ್ ಮಹಾಸಭೆ 1964ರಲ್ಲಿ ಕುಟುಂಬವನ್ನು ಮನೆಯೊಳಗಿನ ಧರ್ಮಸಭೆ ಎಂದು ಕರೆಯಿತು. ಆ ಧರ್ಮಸಭೆಯಲ್ಲಿಯೂ ಪ್ರಸಂಗದ ನಡುವೆ ಮಕ್ಕಳು ಅಳುತ್ತವೆ, ನಗುತ್ತವೆ. ಅದಕ್ಕೇನು ಕೊರತೆ?

ಇದೆಲ್ಲ ಹೇಳುವಾಗ ನನಗೆ ನಾಚಿಕೆಯೂ ಆಗುತ್ತದೆ. ಸರಕಾರಿ ನೌಕರಳಾದ ನನಗೆ ಸಂಬಳವಿದೆ. ಮಹಿಳಾ ನೌಕರರಿಗೆ 2021ರಲ್ಲಿ ಒಟ್ಟು 180 ದಿನಗಳ ಶಿಶುಪಾಲನಾ ರಜೆಯೂ ಮಂಜೂರಾಯಿತು. ಭತ್ತ ನಾಟಿಗೆ, ಮೆಣಸಿನಕಾಯಿ ಬಿಡಿಸಲು ಹೋಗುವ ನಮ್ಮದೇ ಧರ್ಮಕೇಂದ್ರದ ಅಕ್ಕಂದಿರಿಗೆ ಒಂದು ದಿನದ ರಜೆ ಎಂದರೆ ಒಂದು ದಿನದ ಕೂಲಿ ಇಲ್ಲ. ಸುಗ್ಗಿಯ ಭಾನುವಾರ ಪೂಜೆಗೆ ಬರದವರನ್ನು ಬೈಯುವ ಮೊದಲು ಇದನ್ನು ನೆನೆಯಬೇಕು. ಕುಟುಂಬದ ಅಗತ್ಯ, ಸಮಾಜಕ್ಕೆ ಅತ್ಯಗತ್ಯವಾದ ಸೇವೆ ಇವು ಭಾನುವಾರದ ವಿಶ್ರಾಂತಿಯ ಕಟ್ಟಳೆಯಿಂದ ವಿನಾಯಿತಿ ಕೊಡಬಲ್ಲವು ಎಂದು 1992ರ ಧರ್ಮೋಪದೇಶ ಗ್ರಂಥವೇ ಹೇಳುತ್ತದೆ. ಆದರೆ ಅದು ರೂಢಿಯಾಗಿ ಧರ್ಮಕ್ಕೂ ಕುಟುಂಬಕ್ಕೂ ಆರೋಗ್ಯಕ್ಕೂ ಕುಂದು ತರಬಾರದೆಂದೂ ಎಚ್ಚರಿಸುತ್ತದೆ. ಹಾಗಾದರೆ ಕೂಟವನ್ನು ಅವರಿಗೆ ಆಗುವ ಹೊತ್ತಿಗೆ ಇಡಬಾರದೇ? ಪಾಲನಾ ಸಮಿತಿಯ ಸಭೆ ಎರಡು ಗಂಟೆಯ ಬದಲು ಒಂದು ಗಂಟೆಗೆ ಮುಗಿಯಬಾರದೇ? ತಾಯಂದಿರು ಸಭೆಯಲ್ಲಿರುವಾಗ ಮಕ್ಕಳನ್ನು ಆಡಿಸಲು ಯುವಕ ಸಂಘದ ಇಬ್ಬರು ಮುಂದೆ ಬರಬಾರದೇ? ಇದೂ ಸೇವೆಯೇ. ಇದಕ್ಕೂ ಚಪ್ಪಾಳೆ ಸಿಗುವುದಿಲ್ಲ.

ಪ್ರಿಯ ಸಹೋದರ ಸಹೋದರಿಯರೇ, ಈ ಭಾನುವಾರ ಕಾಣಿಕೆಯ ಸಮಯದಲ್ಲಿ ನಿಮ್ಮ ಕಾಣಿಕೆಯನ್ನು ಅರ್ಪಿಸುವಾಗ ಒಂದು ಕ್ಷಣ ಯೋಚಿಸಿರಿ. ನಾನು ಅರ್ಪಿಸುತ್ತಿರುವುದು ನನ್ನದೇ, ಅಥವಾ ಇದಕ್ಕಾಗಿ ಯಾರಾದರೂ ಮನೆಯಲ್ಲಿ ಕಾಯುತ್ತಿದ್ದಾರೆಯೇ? ಕಾಯುತ್ತಿದ್ದರೆ ಮೊದಲು ಅವರ ಬಳಿ ಹೋಗೋಣ, ಆಮೇಲೆ ಬಂದು ಅರ್ಪಿಸೋಣ. ಸಹೋದರನ ವಿಷಯದಲ್ಲಿ ಪ್ರಭು ಹೇಳಿದ್ದು ಮಕ್ಕಳ ವಿಷಯದಲ್ಲಿ ಸುಳ್ಳಾಗಲಾರದು.

ಮೊನ್ನೆ ಮಕ್ಕಳು ಮತ್ತೆ ಅಮ್ಮನ ಆಟ ಆಡುತ್ತಿದ್ದರು. ಮಗ "ನೀರು" ಎಂದ. "ತಡಿ" ಎಂದಳು ಮಗಳು. ನನ್ನ ಎದೆ ಧಸಕ್ಕೆಂದಿತು. ಆದರೆ ಅವಳು ಪೆನ್ಸಿಲ್ಲು ಕೆಳಗಿಟ್ಟು, ಎದ್ದು ಹೋಗಿ ಲೋಟ ತಂದುಕೊಟ್ಟಳು. ಪೂರ್ತಿ ಕಲಿತಿಲ್ಲ, ನನ್ನ ಹಾಗೆಯೇ.

ನಜರೇತಿನ ಪವಿತ್ರ ಕುಟುಂಬವೇ, ದುಡಿಯುವ ನಮ್ಮ ಕೈಗಳನ್ನು ಆಶೀರ್ವದಿಸು. ಕಳೆದುಕೊಂಡದ್ದು ತಿಳಿದೊಡನೆ ಹಿಂದಿರುಗಿ ಹುಡುಕುವ ಮನಸ್ಸನ್ನು ನಮಗೂ ದಯಪಾಲಿಸು. ಆಮೆನ್.